ಗಸಿಯ ಪಕ್ಕದ ಅನ್ನ

ಜೂನ್ ತಿಂಗಳ ಮೊದಲ ಗುಡುಗು ಮಳೆ ಕಳೆದು ಕೆಲವು ದಿನಗಳಾದರೆ ಮಂಗಳೂರಿನ ಮಾರುಕಟ್ಟೆಯ ಬದಿಗಳಲ್ಲಿ, ಹರವಿದ ಗೋಣಿಯ ಮೇಲೆ, ಕೆಂಪು ಮಣ್ಣು ಮೆತ್ತಿಕೊಂಡ ಸಣ್ಣ ಉಂಡೆಗಳ ರಾಶಿ ಕಾಣಿಸಿಕೊಳ್ಳುತ್ತದೆ. ದೂರದಿಂದ ಜಲ್ಲಿಕಲ್ಲಿನ ಹಾಗೆ ಕಾಣುವ ಇದು ಕಲ್ಲಣಬೆ; ತುಳುವಿನಲ್ಲಿ ಕಲ್ಲಲಾಂಬು. ಮಣ್ಣು ಬಿಡುವವರೆಗೆ ನಾಲ್ಕಾರು ಸಲ ನೀರು ಬದಲಿಸಿ ತೊಳೆಯಬೇಕು. ಆಮೇಲೆ ಒಂದೊಂದನ್ನೂ ಎರಡು ಸೀಳು ಮಾಡಿ ನೋಡಬೇಕು. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಎಳತು, ಅದು ಪಾತ್ರೆಗೆ. ಕಪ್ಪು ತಿರುಗಿದ್ದರೆ ಬಲಿತು ಬೀಜಕಣ ತುಂಬಿಕೊಂಡಿದೆ ಎಂದು ಅರ್ಥ, ಅದು ಹೊರಗೆ. ಕೊತ್ತಂಬರಿ, ಒಣಮೆಣಸು, ತೆಂಗಿನತುರಿ ಅರೆದು ಹಾಕಿದ ಗಸಿಯಲ್ಲಿ ಬೆಂದ ಮೇಲೂ ಅದರ ಹೊರಸಿಪ್ಪೆ ಹಲ್ಲಿಗೆ ಸಿಕ್ಕಾಗ ಪಟ್ಟನೆ ಒಡೆಯುತ್ತದೆ. ಬೆಲೆ ಕೋಳಿಮಾಂಸವನ್ನು ಹಿಂದೆ ಹಾಕಿದರೂ ಗೋಣಿಯ ಮೇಲಿನ ರಾಶಿ ಹೊತ್ತೇರುವುದರೊಳಗೆ ಕರಗಿಹೋಗುತ್ತದೆ. ಇಷ್ಟು ಆಸೆಯಿಂದ ಅಣಬೆ ತಿನ್ನುವ ಊರುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಅದೇ ಊರಿನ ರಕ್ತಪರೀಕ್ಷೆಯ ಚೀಟಿಗಳಲ್ಲಿ ಇನ್ನೊಂದು ವಿಷಯ ಕಾಣಿಸಿಕೊಳ್ಳುತ್ತಿದೆ. ಬರಿಹೊಟ್ಟೆಯ ಸಕ್ಕರೆ 108, ಎಚ್‌ಬಿಎ1ಸಿ 6.0. ವೈದ್ಯರು ಇದನ್ನು ಪ್ರಿಡಯಾಬಿಟಿಸ್ ಎನ್ನುತ್ತಾರೆ, ಜನ ‘ಶುಗರ್ ಬಾರ್ಡರಿನಲ್ಲಿದೆ’ ಎನ್ನುತ್ತಾರೆ. ಹಾಗೆಂದು ತಿಳಿದ ಮನೆಗೆ ಸಲಹೆಗಳ ಹೊಳೆಯೇ ಹರಿದುಬರುತ್ತದೆ: ಹಾಗಲಕಾಯಿ ರಸ, ಮೆಂತ್ಯದ ನೀರು, ನೇರಳೆ ಬೀಜದ ಪುಡಿ, ಈಚೆಗೆ ಅಣಬೆ. ಅಣಬೆ ತಿಂದರೆ ಸಕ್ಕರೆ ಇಳಿಯುತ್ತದೆ ಎಂಬ ಮಾತಿಗೆ ಆಧಾರವಿದೆಯೇ? ಈ ಅಧ್ಯಾಯದಲ್ಲಿ ನಾನು ಕೊಡುವ ಉತ್ತರ ಇದು: ಅಣಬೆಯೊಳಗೆ ಸಕ್ಕರೆಯನ್ನು ಇಳಿಸುವ ಔಷಧವಿದೆ ಎಂದು ಹೇಳುವಷ್ಟು ಪುರಾವೆ ನಮ್ಮ ಬಳಿ ಇಲ್ಲ. ಆದರೆ ತಟ್ಟೆಯಲ್ಲಿ ಅನ್ನ ಹಿಡಿದಿರುವ ಜಾಗದ ಒಂದು ಪಾಲನ್ನು ಅದು ತೆಗೆದುಕೊಂಡರೆ, ಕರಾವಳಿಯ ಊಟಕ್ಕೆ ಅದಕ್ಕಿಂತ ಒಪ್ಪುವ ಪದಾರ್ಥ ಸಿಗುವುದು ಕಷ್ಟ. ಅಣಬೆಯಲ್ಲಿ ಏನಿದೆ ಎಂದು ಕೇಳುವ ಮೊದಲು, ಅದು ಬಂದಾಗ ತಟ್ಟೆಯಿಂದ ಏನು ಹೊರಗೆ ಹೋಯಿತು ಎಂದು ಕೇಳಬೇಕು. ಏನೂ ಹೋಗಲಿಲ್ಲ ಎಂದಾದರೆ ಅಣಬೆಯಿಂದ ಹೆಚ್ಚೇನನ್ನೂ ನಿರೀಕ್ಷಿಸುವಂತಿಲ್ಲ.

ಮೊದಲು ‘ಬಾರ್ಡರ್’ ಎಂದರೇನು ಎಂದು ನೋಡೋಣ. ಅಮೆರಿಕದ ಮಧುಮೇಹ ಸಂಘದ ಅಳತೆಯಂತೆ ಬರಿಹೊಟ್ಟೆಯಲ್ಲಿ 100ರಿಂದ 125 ಮಿಲಿಗ್ರಾಂ, ಅಥವಾ ಗ್ಲೂಕೋಸ್ ನೀರು ಕುಡಿದ ಎರಡು ಗಂಟೆಯ ನಂತರ 140ರಿಂದ 199, ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಪೂರ್ವಮಧುಮೇಹ. ವಿಶ್ವ ಆರೋಗ್ಯ ಸಂಸ್ಥೆ ಬರಿಹೊಟ್ಟೆಯ ಗೆರೆಯನ್ನು 110ರಲ್ಲಿ ಎಳೆಯುತ್ತದೆ. ಗೆರೆ ಎಲ್ಲಿದೆ ಎಂಬುದರಲ್ಲೇ ದೊಡ್ಡ ಸಂಸ್ಥೆಗಳು ಒಪ್ಪದಿರುವಾಗ ಇದನ್ನು ಕಾಯಿಲೆ ಎನ್ನುವುದೇ ತಪ್ಪು, ಆರೋಗ್ಯವಂತರನ್ನು ರೋಗಿಗಳನ್ನಾಗಿ ಮಾಡುವ ಹುನ್ನಾರ ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಈ ಗುಂಪಿನಲ್ಲಿ ಸೇರಿದವರಲ್ಲಿ ಎಷ್ಟೋ ಜನ ಮಧುಮೇಹಕ್ಕೆ ಹೋಗದೆ ಮತ್ತೆ ಸಾಮಾನ್ಯ ಮಟ್ಟಕ್ಕೆ ಮರಳುತ್ತಾರೆ. ಆದರೆ ಆ ವಾದಕ್ಕೆ ಯುರೋಪಿನಲ್ಲಿರುವ ಬಲ ನಮ್ಮಲ್ಲಿಲ್ಲ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಗ್ಲೂಕೋಸ್ ಸಹಿಷ್ಣುತೆ ಕುಂದಿದ್ದ 531 ಜನರಿದ್ದರು. ಯಾವ ವಿಶೇಷ ನೆರವೂ ಇಲ್ಲದ ಗುಂಪಿನಲ್ಲಿ ಮೂರೇ ವರ್ಷಗಳಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಊಟ ತಿದ್ದಿಕೊಂಡು ದಿನವೂ ನಡೆದ ಗುಂಪಿನಲ್ಲಿ ಅದು ನೂರಕ್ಕೆ 39. ಗಮನಿಸಬೇಕಾದ ಸಂಗತಿಯೆಂದರೆ ಈ ಎರಡನೆಯ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ತೂಕದ ಯಂತ್ರ ಅಲುಗದಿದ್ದರೂ ಊಟ ಮತ್ತು ನಡಿಗೆ ತಮ್ಮ ಕೆಲಸ ಮಾಡಿದ್ದವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಬಾರ್ಡರಿನಲ್ಲಿರುವವರು 13.6 ಕೋಟಿ. ಕರಾವಳಿಯ ಮಟ್ಟಿಗೆ, ಉಡುಪಿ ಕಡೆಯ ಮೂವತ್ತು ದಾಟಿದವರ ನಡುವೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೂರಕ್ಕೆ 16 ಮಂದಿಯಲ್ಲಿ ಮಧುಮೇಹ ಕಂಡಿತ್ತು. ಇಷ್ಟು ಜನರಿಗೆ ಒಂದು ಆಹಾರಪದಾರ್ಥದ ಬಗ್ಗೆ ಸಲಹೆ ಕೊಡುವಾಗ ಮಾತು ತೂಕ ತಪ್ಪಬಾರದು.

ಇನ್ನು ಪುರಾವೆಗೆ ಬರೋಣ. ನಮ್ಮ ಊಟಕ್ಕೆ ಹತ್ತಿರವಾದದ್ದು ಬಾಂಗ್ಲಾದೇಶದ್ದು. ಅಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 89 ಮಧುಮೇಹಿಗಳಿಗೆ ಒಂದು ವಾರ ಚಿಪ್ಪಣಬೆ ಕೊಟ್ಟರು, ಮುಂದಿನ ವಾರ ನಿಲ್ಲಿಸಿದರು, ಮೂರನೆಯ ವಾರ ಮತ್ತೆ ಕೊಟ್ಟರು. ಕೊಟ್ಟಾಗ ರಕ್ತದ ಸಕ್ಕರೆ, ಕೊಲೆಸ್ಟರಾಲ್, ರಕ್ತದೊತ್ತಡ ಇಳಿದವು. ನಿಲ್ಲಿಸಿದಾಗ ಮತ್ತೆ ಏರಿದವು. ಓದಿದಾಗ ಮನಸ್ಸು ಹಿಗ್ಗುತ್ತದೆ. ಆದರೆ ಇಡೀ ಪ್ರಯೋಗ 24 ದಿನಗಳದ್ದು. ಅಣಬೆ ಕೊಟ್ಟ ವಾರಗಳಲ್ಲಿ ಜನ ಅನ್ನ ಎಷ್ಟು ಉಂಡರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ತಟ್ಟೆಗೆ ಹೊಸದೊಂದು ಪಲ್ಯ ಬಂದಾಗ ಅನ್ನ ತಾನಾಗಿ ಒಂದು ತುತ್ತು ಕಡಿಮೆಯಾಗುವುದು ಸಹಜ, ಮತ್ತು ಕಂಡ ಫಲಿತಾಂಶಕ್ಕೆ ಅಷ್ಟೇ ಸಾಕಿರಬಹುದು. ಅಮೆರಿಕದಲ್ಲಿ ಜೀವಕ್ರಿಯೆಯ ಏರುಪೇರುಗಳಿದ್ದ 37 ಜನ 16 ವಾರ ದಿನಕ್ಕೆ 100 ಗ್ರಾಂ ಬಟನ್ ಅಣಬೆ ತಿಂದ ಅಧ್ಯಯನ 2016ರಲ್ಲಿ ಬಂತು. ಅವರ ರಕ್ತದಲ್ಲಿ ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಹೆಚ್ಚಿತು. ಇದು ಕೊಬ್ಬಿನ ಜೀವಕೋಶಗಳಿಂದ ಬರುವಂಥದ್ದು, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲು ನೆರವಾಗುವಂಥದ್ದು. ಇದೂ ಒಳ್ಳೆಯ ಸುದ್ದಿಯೇ. ಆದರೆ ಪಕ್ಕದಲ್ಲಿಟ್ಟು ಹೋಲಿಸಲು ಅಣಬೆ ತಿನ್ನದ ಗುಂಪು ಅದರಲ್ಲಿರಲಿಲ್ಲ.

ಇವುಗಳಿಗಿಂತ ಎಚ್ಚರಿಕೆಯಿಂದ ಹೆಣೆದದ್ದು ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಯೋಗ. 60 ಜನರಿಗೆ 8 ವಾರ ಒಂದೇ ಬಗೆಯ ಒಳ್ಳೆಯ ಊಟ ಕೊಟ್ಟು, ಅರ್ಧ ಜನರ ಊಟಕ್ಕೆ ಮಾತ್ರ ದಿನಕ್ಕೆ 84 ಗ್ರಾಂ ಅಣಬೆ ಸೇರಿಸಿದರು. ಬಟನ್ ಅಣಬೆಯೂ ಚಿಪ್ಪಣಬೆಯೂ ಅದರಲ್ಲಿದ್ದವು. ಕೊಲೆಸ್ಟರಾಲ್ ಎರಡೂ ಗುಂಪಿನಲ್ಲಿ ಇಳಿಯಿತು, ಅಂದರೆ ಅದು ಊಟದ ಫಲ. ಬರಿಹೊಟ್ಟೆಯ ಸಕ್ಕರೆ ಮಾತ್ರ ಅಣಬೆಯ ಗುಂಪಿನಲ್ಲಿ ಸುಮಾರು 3 ಮಿಲಿಗ್ರಾಂ ಹೆಚ್ಚುವರಿಯಾಗಿ ತಗ್ಗಿತು. ಈ ಮೂರು ಮಿಲಿಗ್ರಾಮನ್ನು ಹೇಗೆ ಓದಬೇಕು? 108 ಇದ್ದವರು 105ಕ್ಕೆ ಬರುತ್ತಾರೆ, ಬಾರ್ಡರಿನಲ್ಲೇ ಇರುತ್ತಾರೆ. ರಾತ್ರಿ ನಿದ್ದೆ ಸರಿಯಾಗದಿದ್ದರೂ ಬೆಳಗಿನ ಸಕ್ಕರೆಯಲ್ಲಿ ಅಷ್ಟು ಹೆಚ್ಚು ಕಡಿಮೆ ಆಗಬಲ್ಲದು. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಸಣ್ಣ ಸಂಖ್ಯೆ. ಅದನ್ನು ದೊಡ್ಡ ಅಕ್ಷರದ ತಲೆಬರಹವಾಗಿಸುವವರನ್ನು ನಾನು ನಂಬುವುದಿಲ್ಲ. ಇಲ್ಲವೇ ಇಲ್ಲ ಎಂದು ತಳ್ಳಿಹಾಕುವುದೂ ಸರಿಯಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಪುರಾವೆಯನ್ನು ಅಣಬೆಯ ಪರವಾಗಿ ಬರೆಯುವವರು ಬಹಳ ಮಟ್ಟಿಗೆ ಬಿಟ್ಟುಬಿಡುತ್ತಾರೆ. ಹಾರ್ವರ್ಡಿನ ಸಂಶೋಧಕರು ಅಮೆರಿಕದ ದಾದಿಯರು ಮತ್ತು ಆರೋಗ್ಯ ವೃತ್ತಿಯವರ ಎರಡು ದೊಡ್ಡ ಗುಂಪುಗಳ, ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಜನರ, ದಶಕಗಳ ಊಟದ ಲೆಕ್ಕವನ್ನು ನೋಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಐದಾರು ಸಲ ಅಣಬೆ ತಿನ್ನುವವರಿಗೂ ಅಪರೂಪಕ್ಕೆ ತಿನ್ನುವವರಿಗೂ ಮಧುಮೇಹ ಬರುವ ಸಾಧ್ಯತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಣಬೆಯೊಳಗೆ ನಿಜವಾಗಿಯೂ ಬಲವಾದ ಔಷಧವಿದ್ದಿದ್ದರೆ ಅಷ್ಟು ಜನರಲ್ಲಿ, ಅಷ್ಟು ವರ್ಷಗಳಲ್ಲಿ, ಅದು ಒಂದಿಷ್ಟಾದರೂ ತಲೆ ಎತ್ತಬೇಕಿತ್ತು. ಆದರೆ ಅಮೆರಿಕದವರು ಅಣಬೆಯನ್ನು ಪಿಜ್ಜಾದ ಮೇಲೆ ಉದುರಿಸುತ್ತಾರೆ, ಸ್ಟೇಕ್ ಮಾಂಸದ ಪಕ್ಕ ಬೆಣ್ಣೆಯಲ್ಲಿ ಹುರಿದು ಇಡುತ್ತಾರೆ. ಅಲ್ಲಿ ಅಣಬೆ ಬಂದಿದ್ದರಿಂದ ಬೇರೆ ಯಾವುದೂ ಜಾಗ ಬಿಟ್ಟಿರುವುದಿಲ್ಲ. ಜಾಗ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೂ ಅದೇ ದೇಶದಲ್ಲಿ ಒಂದು ಪ್ರಯೋಗ ನಡೆದಿದೆ. 2013ರಲ್ಲಿ ಪ್ರಕಟವಾದ ಅದರಲ್ಲಿ ಸ್ಥೂಲಕಾಯದ 73 ಜನರಲ್ಲಿ ಒಂದು ಗುಂಪು ಒಂದು ವರ್ಷ ಕೆಂಪು ಮಾಂಸದ ಬದಲಿಗೆ ಅಣಬೆ ತಿಂದಿತು. ಮಾಂಸ ತಿಂದ ಗುಂಪಿಗಿಂತ ಹೆಚ್ಚು ತೂಕ ಇಳಿಸಿತು, ಇಳಿದದ್ದನ್ನು ಉಳಿಸಿಕೊಂಡಿತು. ಎರಡೂ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನ್ನ ವಾದದ ಬುಡ ಗಟ್ಟಿಯಾಗುತ್ತದೆ: ಅಣಬೆಯನ್ನು ಇದ್ದ ಊಟದ ಮೇಲೆ ಸೇರಿಸಿದಾಗ ಫಲ ತೆಳ್ಳಗೆ, ಯಾವುದೋ ಒಂದರ ಬದಲಿಗೆ ಇಟ್ಟಾಗ ಫಲ ಕಣ್ಣಿಗೆ ಕಾಣುವಷ್ಟು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅಣಬೆಯಲ್ಲಿರುವ ಬೀಟಾ ಗ್ಲೂಕನ್, ಎರ್ಗೋಥಯೋನೀನ್ ಇವುಗಳ ಬಗ್ಗೆ ಇಷ್ಟೊಂದು ಬರೆದಿದ್ದಾರಲ್ಲ, ಅದೆಲ್ಲ ಸುಳ್ಳೇ? ಸುಳ್ಳಲ್ಲ, ಆದರೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ಹೇಳಲಾಗುತ್ತಿದೆ. ಊಟದ ನಂತರ ಸಕ್ಕರೆ ಏರುವ ವೇಗವನ್ನು ತಗ್ಗಿಸುತ್ತದೆ ಎಂದು ಖಚಿತವಾಗಿ ಗೊತ್ತಿರುವುದು ಓಟ್ಸ್ ಮತ್ತು ಬಾರ್ಲಿಯ ಬೀಟಾ ಗ್ಲೂಕನ್. ಅದು ನೀರಿನಲ್ಲಿ ಕರಗಿ ಅಂಟಾಗುತ್ತದೆ, ಕರುಳಿನಲ್ಲಿ ಗಂಜಿಯಂತೆ ದಪ್ಪವಾಗಿ ಸಕ್ಕರೆಯ ದಾರಿಗೆ ಅಡ್ಡ ನಿಲ್ಲುತ್ತದೆ. ಅಣಬೆಯ ಬೀಟಾ ಗ್ಲೂಕನ್‌ನ ಕೊಂಡಿಗಳ ಜೋಡಣೆಯೇ ಬೇರೆ, ಬಹುಪಾಲು ನೀರಿನಲ್ಲಿ ಕರಗದು. ಅದು ಕೈಟಿನ್ ಜೊತೆ ಸೇರಿ ಅಣಬೆಯ ಜೀವಕೋಶಕ್ಕೆ ಗೋಡೆಯಾಗಿ ನಿಂತಿರುತ್ತದೆ. ಸಿಗಡಿಯ ಚಿಪ್ಪಿನಲ್ಲಿರುವುದೂ ಇದೇ ಕೈಟಿನ್. ಕರುಳಿನ ಸೂಕ್ಷ್ಮಜೀವಿಗಳಿಗೆ ಇದು ಮೇವಾಗುತ್ತದೆ, ಅದರಿಂದ ಒಳ್ಳೆಯದೂ ಆಗಬಹುದು. ಆದರೆ ಓಟ್ಸಿನ ಮೇಲೆ ಸಾಬೀತಾದ ಗುಣವನ್ನು ಹೆಸರು ಒಂದೇ ಎಂಬ ಕಾರಣಕ್ಕೆ ಅಣಬೆಯ ಖಾತೆಗೆ ಬರೆಯುವುದು ಸರಿಯಲ್ಲ.

ಎರ್ಗೋಥಯೋನೀನ್ ಕತೆ ಹೆಚ್ಚು ಸ್ವಾರಸ್ಯದ್ದು. ಚಾರ್ಲ್ಸ್ ತಾನ್ರೇ ಎಂಬ ಫ್ರೆಂಚ್ ವಿಜ್ಞಾನಿ 1909ರಲ್ಲಿ, ರೈ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಎಂಬ ಶಿಲೀಂಧ್ರದಲ್ಲಿ ಇದನ್ನು ಕಂಡುಹಿಡಿದ. ನಮ್ಮ ದೇಹ ಇದನ್ನು ತಯಾರಿಸಲಾರದು, ಗಿಡಮರಗಳೂ ತಯಾರಿಸುವುದಿಲ್ಲ. ಶಿಲೀಂಧ್ರಗಳು ಮತ್ತು ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಮಾಡುತ್ತವೆ. ಹೀಗಿದ್ದೂ ನಮ್ಮ ಜೀವಕೋಶಗಳ ಹೊದಿಕೆಯಲ್ಲಿ ಇದನ್ನೇ ಹುಡುಕಿ ಒಳಗೆ ಎಳೆದುಕೊಳ್ಳುವ ಒಂದು ಪ್ರೋಟೀನ್ ಬಾಗಿಲಿದೆ ಎಂದು 2005ರಲ್ಲಿ ಗೊತ್ತಾಯಿತು. ದೇಹ ಒಂದು ವಸ್ತುವಿಗಾಗಿ ಬಾಗಿಲು ಇಟ್ಟುಕೊಂಡಿದೆ ಎಂದರೆ ಅದರಿಂದ ಏನೋ ಉಪಯೋಗ ಇರಲೇಬೇಕು ಎಂದು ಜೀವವಿಜ್ಞಾನಿಗಳು ಊಹಿಸುವುದರಲ್ಲಿ ತರ್ಕವಿದೆ. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಸುಮಾರು ಎರಡು ದಶಕ ಜನರನ್ನು ಗಮನಿಸಿದಾಗ ರಕ್ತದಲ್ಲಿ ಎರ್ಗೋಥಯೋನೀನ್ ಹೆಚ್ಚಿದ್ದವರಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಆದರೆ ಅಂಥವರು ಒಟ್ಟಾರೆ ಒಳ್ಳೆಯ ಊಟ ಮಾಡುವವರೂ ಆಗಿರಬಹುದು. ಈ ಒಂದು ವಸ್ತುವನ್ನು ಕೊಟ್ಟು ಪೂರ್ವಮಧುಮೇಹ ಮುಂದುವರಿಯದಂತೆ ತಡೆದದ್ದನ್ನು ಯಾರಾದರೂ ತೋರಿಸುವವರೆಗೆ ಇದನ್ನು ಭರವಸೆಯ ಪಟ್ಟಿಯಲ್ಲಿಟ್ಟಿರಬೇಕು, ಪುರಾವೆಯ ಪಟ್ಟಿಯಲ್ಲಲ್ಲ.

ಹಾಗಾದರೆ ಮಂಗಳೂರಿನ ತಟ್ಟೆಗೇ ಬರೋಣ. ಬೆಳಿಗ್ಗೆ ನೀರುದೋಸೆ ಅಥವಾ ಪುಂಡಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಮತ್ತೆ ಅನ್ನ ಅಥವಾ ಗಂಜಿ, ಕೋಳಿಸಾರಿನ ದಿನ ಕೋರಿರೊಟ್ಟಿ. ಹೆಸರು ಹಲವಾದರೂ ಮೂಲ ಅಕ್ಕಿಯೊಂದೇ. ಇಂಡಿಯಾಬ್ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರ ಕ್ಯಾಲೊರಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ ಎಂದು ಅದು ಹೇಳುತ್ತದೆ. ಅದರಲ್ಲೇ ಇನ್ನೊಂದು ಮಾತಿದೆ, ಅದು ನಮ್ಮೂರಿನ ದೊಡ್ಡ ಆಕ್ಷೇಪಣೆಗೆ ಉತ್ತರ. ‘ನಾವು ಉಣ್ಣುವುದು ಬೆಳ್ತಿಗೆಯಲ್ಲ, ಕುಚ್ಚಲಕ್ಕಿ, ಅದು ಸಕ್ಕರೆ ಏರಿಸುವುದಿಲ್ಲ’ ಎಂಬುದು ಇಲ್ಲಿ ಮನೆಮನೆಯ ನಂಬಿಕೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊಟ್ಟಿನ ಕೆಳಗಿನ ಬಿ ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ, ಪಿಷ್ಟ ಸ್ವಲ್ಪ ಗಟ್ಟಿಯಾಗಿ ನಿಧಾನ ಜೀರ್ಣವಾಗುತ್ತದೆ. ಇದೆಲ್ಲ ನಿಜ, ಬೆಳ್ತಿಗೆಗಿಂತ ಕುಚ್ಚಲಕ್ಕಿ ಮೇಲು ಎಂಬುದೂ ನಿಜ. ಆದರೆ ಕಾಳಿನಲ್ಲಿರುವ ಪಿಷ್ಟದ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಸಂಸ್ಕರಿಸಿದ ಧಾನ್ಯದ ಬದಲು ಇಡೀ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದು, ಒಟ್ಟು ಪಿಷ್ಟ ಕಡಿಮೆ ಮಾಡದಿದ್ದರೆ ಮಧುಮೇಹದ ಅಪಾಯದಲ್ಲಿ ಇಳಿಕೆ ಕಾಣುವುದಿಲ್ಲ ಎಂದು ಸಮೀಕ್ಷೆ ಹೇಳುತ್ತದೆ. ಧಾನ್ಯದ ಬದಲು ಧಾನ್ಯ ಸಾಲದು. ಅನ್ನದ ರಾಶಿಯೇ ಸಣ್ಣದಾಗಬೇಕು.

ರಾಶಿ ಸಣ್ಣದು ಮಾಡಿ ಎಂದು ಹೇಳುವುದು ಸುಲಭ, ಖಾಲಿಯಾದ ಜಾಗವನ್ನು ನೋಡುತ್ತಾ ಉಣ್ಣುವುದು ಕಷ್ಟ. ಅಣಬೆಯ ಉಪಯೋಗ ಇಲ್ಲಿದೆ. ಬೆಂದ ಅನ್ನ 100 ಗ್ರಾಮಿನಲ್ಲಿ, ಅಂದರೆ ತಟ್ಟೆಗೆ ಬೀಳುವ ಒಂದು ಸೌಟಿನಷ್ಟರಲ್ಲಿ, ಸುಮಾರು 28 ಗ್ರಾಂ ಪಿಷ್ಟ, 130 ಕ್ಯಾಲೊರಿ. ಅಷ್ಟೇ ತೂಕದ ಹಸಿ ಚಿಪ್ಪಣಬೆಯಲ್ಲಿ 6 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲೂ 2 ಗ್ರಾಂ ನಾರು, 33 ಕ್ಯಾಲೊರಿ. ಮಧ್ಯಾಹ್ನ ಒಂದು ಸೌಟು, ರಾತ್ರಿ ಒಂದು ಸೌಟು ಅನ್ನ ಬಿಟ್ಟು ಆ ಜಾಗಕ್ಕೆ ಅಣಬೆ ಪಲ್ಯ ಹಾಕಿಕೊಂಡರೆ ದಿನಕ್ಕೆ 44 ಗ್ರಾಂ ಕಾರ್ಬೋಹೈಡ್ರೇಟ್, ಸುಮಾರು 200 ಕ್ಯಾಲೊರಿ ಕಡಿಮೆ. ಯಾವ ಬೀಟಾ ಗ್ಲೂಕನ್ ಕೂಡ ಇಷ್ಟು ಪಿಷ್ಟವನ್ನು ತಟ್ಟೆಯಿಂದ ತೆಗೆಯಲಾರದು.

ಅದೇ ಜಾಗಕ್ಕೆ ಬೀನ್ಸ್ ಅಥವಾ ತೊಂಡೆಕಾಯಿ ಹಾಕಿದರೂ ಲೆಕ್ಕ ಇಷ್ಟೇ ಬರುವುದಲ್ಲವೇ ಎಂದು ಕೇಳಬಹುದು. ಖಂಡಿತ ಬರುತ್ತದೆ. ಹಾಗೆ ಮಾಡುವವರಿಗೆ ಅಣಬೆಯೇ ಬೇಕೆಂದಿಲ್ಲ. ಅಣಬೆಯನ್ನು ಮುಟ್ಟದ ಮನೆಗಳು ಈ ಊರಿನಲ್ಲಿ ಬೇಕಾದಷ್ಟಿವೆ, ಅವರೇನೂ ಕಳೆದುಕೊಳ್ಳುತ್ತಿಲ್ಲ. ಅಣಬೆಯ ಹೆಚ್ಚುಗಾರಿಕೆ ಇರುವುದು ರುಚಿಯಲ್ಲಿ ಮತ್ತು ಅಗಿತದಲ್ಲಿ. ಮಾಂಸದ ಸಾರಿಗೆ, ಒಣಮೀನಿಗೆ ಆ ಗಾಢ ರುಚಿ ಕೊಡುವ ಗ್ಲುಟಮೇಟ್ ಅಣಬೆಯಲ್ಲೂ ಧಾರಾಳ. ಆದ್ದರಿಂದ ಉಪ್ಪು ಸ್ವಲ್ಪ ತಗ್ಗಿಸಿದರೂ ನಾಲಿಗೆ ದೂರುವುದಿಲ್ಲ. ಕೋಳಿಸುಕ್ಕಕ್ಕೆ ಒಗ್ಗಿದ ಬಾಯಿಗೆ ಸೌತೆಕಾಯಿ ಹುಳಿ ಹೆಚ್ಚಿಸಿ ಅನ್ನ ಬಿಡು ಎಂದರೆ ಎರಡು ವಾರ ನಡೆದೀತು. ಅಣಬೆ ಸುಕ್ಕಕ್ಕೆ ಆ ಬಾಯಿ ವರ್ಷಗಟ್ಟಲೆ ಒಪ್ಪುತ್ತದೆ. ಬಾರ್ಡರಿನಲ್ಲಿರುವವರ ಊಟದ ತಿದ್ದುಪಡಿ ಸೋಲುವುದು ಬೇಸರ ಬಂದಾಗಲೇ.

ಆದರೆ ಅಣಬೆ ಎಂದರೆ ಸಸ್ಯಾಹಾರಿಗಳ ಮಾಂಸ, ಪ್ರೋಟೀನಿನ ಗಣಿ ಎಂಬ ಮಾತಿಗೆ ಇಲ್ಲೇ ಕಡಿವಾಣ ಹಾಕಬೇಕು. ಒಣತೂಕದಲ್ಲಿ ನೂರಕ್ಕೆ 20–30 ಪಾಲು ಪ್ರೋಟೀನ್ ಎಂದು ಬರೆದಿರುತ್ತಾರೆ, ಆದರೆ ಅಣಬೆಯನ್ನು ಯಾರೂ ಒಣತೂಕದಲ್ಲಿ ತಿನ್ನುವುದಿಲ್ಲ. ಹಸಿ ಅಣಬೆಯ ನೂರರಲ್ಲಿ 90 ಪಾಲು ನೀರು. 100 ಗ್ರಾಮಿಗೆ ಸಿಗುವ ಪ್ರೋಟೀನ್ ಸುಮಾರು 3 ಗ್ರಾಂ. ಮೇಲೆ ಹೇಳಿದ ಸಮೀಕ್ಷೆ ದಿನದ ಕ್ಯಾಲೊರಿಯ ನೂರಕ್ಕೆ 5 ಪಾಲನ್ನು ಪಿಷ್ಟದಿಂದ ಬೇಳೆಕಾಳು, ಹಾಲು, ಮೊಟ್ಟೆ, ಮೀನಿನ ಪ್ರೋಟೀನಿಗೆ ಬದಲಿಸಿದರೆ ಅಪಾಯ ತಗ್ಗುತ್ತದೆ ಎನ್ನುತ್ತದೆ. 2000 ಕ್ಯಾಲೊರಿ ಉಣ್ಣುವವರಿಗೆ ಅದು 25 ಗ್ರಾಂ ಪ್ರೋಟೀನ್. ಅಣಬೆಯಿಂದಲೇ ಅಷ್ಟು ಬೇಕೆಂದರೆ ದಿನಕ್ಕೆ 800 ಗ್ರಾಂ ತಿನ್ನಬೇಕು. ಬಂಗುಡೆಯ ಮಾಂಸ 130 ಗ್ರಾಮಿನಷ್ಟಿದ್ದರೆ ಕೆಲಸ ಮುಗಿಯಿತು, ಮೀನು ತಿನ್ನದವರಿಗೆ ಹುರುಳಿ, ಹೆಸರುಕಾಳು ಇವೆ. ಅಣಬೆ ಹೊಟ್ಟೆಯ ಜಾಗ ತುಂಬಲಿ, ಪ್ರೋಟೀನಿನ ಹೊಣೆಯನ್ನು ಮೀನು ಮತ್ತು ಕಾಳುಗಳಿಗೆ ಬಿಡೋಣ.

ಅಡುಗೆಯ ಮಾತು ಇದಕ್ಕಿಂತ ಮುಖ್ಯ. ಹೆಚ್ಚಿದ ಅಣಬೆ ಸ್ಪಂಜಿನ ಹಾಗೆ. ಬಾಣಲೆಗೆ ಮೊದಲು ಎಣ್ಣೆ ಹಾಕಿ ಅಣಬೆ ಸುರಿದರೆ ಎಣ್ಣೆಯನ್ನೆಲ್ಲ ಹೀರಿಕೊಂಡು ಒಣಗಿದಂತೆ ಕಾಣುತ್ತದೆ, ಕೈ ತಾನಾಗಿ ಎಣ್ಣೆಯ ಡಬ್ಬಿಯ ಕಡೆಗೆ ಹೋಗುತ್ತದೆ. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ. ಎರಡು ಚಮಚ ಹೋದರೆ ಅನ್ನ ಬಿಟ್ಟು ಉಳಿಸಿದ್ದೆಲ್ಲ ಅಲ್ಲೇ ಖರ್ಚು. ಅಣಬೆಯನ್ನು ಮೊದಲು ಖಾಲಿ ಬಾಣಲೆಯಲ್ಲಿ, ದೊಡ್ಡ ಉರಿಯಲ್ಲಿ ಹಾಕಬೇಕು. ಮೂರ್ನಾಲ್ಕು ನಿಮಿಷದಲ್ಲಿ ಅದು ತನ್ನ ನೀರನ್ನು ತಾನೇ ಬಿಡುತ್ತದೆ, ಆ ನೀರಿನಲ್ಲೇ ಬೇಯುತ್ತದೆ, ನೀರು ಆರುತ್ತಾ ಬಂದಾಗ ಕುಗ್ಗಿ ಬಿಗಿಯಾಗುತ್ತದೆ. ಆಗ ಒಂದು ಸಣ್ಣ ಚಮಚ ಎಣ್ಣೆ ಸಾಕು, ಏಕೆಂದರೆ ಹೀರಿಕೊಳ್ಳುವ ಜಾಗ ಮುಚ್ಚಿಹೋಗಿರುತ್ತದೆ. ಗಸಿಯ ತೆಂಗಿನಕಾಯಿಯನ್ನು ನಾನು ಬಿಡಿ ಎನ್ನುವುದಿಲ್ಲ. ಆದರೆ 100 ಗ್ರಾಂ ತೆಂಗಿನತುರಿಯಲ್ಲಿ 350 ಕ್ಯಾಲೊರಿ ಇದೆ ಎಂಬುದು ಅರೆಯುವವರಿಗೆ ತಿಳಿದಿರಲಿ. ಹೋಟೆಲಿನ ಮಶ್ರೂಮ್ ಘೀ ರೋಸ್ಟ್, ಮಶ್ರೂಮ್ ಮಂಚೂರಿ ಇವು ಹೆಸರಿಗೆ ಅಣಬೆ, ಉಳಿದದ್ದು ತುಪ್ಪ, ಮೈದಾ, ಕಾರ್ನ್‌ಫ್ಲೋರ್.

ದಿನನಿತ್ಯಕ್ಕೆ ಯಾವ ಅಣಬೆ? ಕಲ್ಲಣಬೆಯಂತೂ ಅಲ್ಲ, ಅದಕ್ಕೆ ಕಾರಣ ಬೆಲೆಯೊಂದೇ ಅಲ್ಲ. ಕಲ್ಲಣಬೆ ಅಸ್ಟ್ರಿಯಸ್ ಎಂಬ ಕುಲಕ್ಕೆ ಸೇರಿದ್ದು, ಬದುಕಿರುವ ಮರದ ಬೇರಿನೊಂದಿಗೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡು ಮಾತ್ರ ಬೆಳೆಯುತ್ತದೆ. ಮರ ಸಕ್ಕರೆ ಕೊಡುತ್ತದೆ, ಅಣಬೆಯ ಎಳೆಗಳು ನೀರು, ರಂಜಕ ತಂದುಕೊಡುತ್ತವೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರೊ. ಕೆ. ಆರ್. ಶ್ರೀಧರ್ ಮತ್ತು ಅವರ ವಿದ್ಯಾರ್ಥಿಗಳು ಕರಾವಳಿಯ ಮುರಕಲ್ಲಿನ ಕುರುಚಲು ಕಾಡುಗಳಲ್ಲಿ ಸುತ್ತಿ ಇಂಥ ಅಣಬೆಗಳನ್ನು ದಾಖಲಿಸಿದ್ದಾರೆ, ಅವುಗಳ ಪೋಷಕಾಂಶಗಳನ್ನು ಅಳೆದಿದ್ದಾರೆ. ಆ ಮುರಕಲ್ಲಿನ ಪದವುಗಳು ಲೇಔಟುಗಳಾಗುತ್ತಾ ಹೋದರೆ ಜೂನ್ ತಿಂಗಳ ರಾಶಿಯೂ ಸಣ್ಣದಾಗುತ್ತಾ ಹೋಗುತ್ತದೆ. ಹುತ್ತದ ಅಣಬೆಯನ್ನು ಸಾಕುವುದು ಗೆದ್ದಲು, ಅದರ ತೋಟಗಾರಿಕೆ ಮನುಷ್ಯರಿಗೆ ಕೈಹತ್ತಿಲ್ಲ. ಇವೆರಡೂ ಮಳೆಗಾಲದ ಹಬ್ಬಕ್ಕೆ ಇರಲಿ.

ದಿನದ ಊಟಕ್ಕೆ ಒದಗುವುದು ಚಿಪ್ಪಣಬೆ. ಅದು ಸತ್ತ ಕಸಕಡ್ಡಿಯನ್ನು ತಿಂದು ಬದುಕುವ ಜಾತಿ. ಬೈಹುಲ್ಲನ್ನು ನೆನೆಸಿ, ಬಿಸಿನೀರಿನಲ್ಲಿ ಹದಮಾಡಿ, ಅಣಬೆ ಬೀಜದೊಂದಿಗೆ ಪದರಪದರವಾಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕತ್ತಲಲ್ಲಿ ಇಟ್ಟರೆ ಎರಡು ಮೂರು ವಾರಕ್ಕೆ ಚೀಲವೆಲ್ಲ ಬಿಳಿ ಎಳೆ ಹಬ್ಬುತ್ತದೆ. ಆಮೇಲೆ ಚೀಲ ಸೀಳಿ ನೀರು ಚಿಮುಕಿಸುತ್ತಾ ಹೋದರೆ ಕೆಲವೇ ದಿನಗಳಲ್ಲಿ ಮೊದಲ ಕೊಯ್ಲು. ಬಟನ್ ಅಣಬೆಗೆ ಬೇಕಾದ 14–18 ಡಿಗ್ರಿ ತಂಪು ಮಂಗಳೂರಿನಲ್ಲಿ ಎಸಿ ಇಲ್ಲದೆ ಸಿಗದು. ಚಿಪ್ಪಣಬೆಗೆ ಇಲ್ಲಿನ ತೇವ ಹೇಳಿಮಾಡಿಸಿದಂತಿದೆ. ತೆಂಗಿನ ಮಡಲಿನ ದಂಟಿನಂಥ ತೋಟದ ಕಸದಲ್ಲೂ ಇದನ್ನು ಬೆಳೆಯಬಹುದೆಂದು ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟಿದೆ. ಎರ್ಗೋಥಯೋನೀನ್ ಕೂಡ ಬಟನ್‌ಗಿಂತ ಇದರಲ್ಲಿ ಹೆಚ್ಚು. ಕಾಡಿನಲ್ಲಿ ಕಂಡದ್ದನ್ನೆಲ್ಲ ಆರಿಸಿ ತರುವ ಸಾಹಸ ಮಾತ್ರ ಬೇಡ. ಕೆಲವು ಅಮಾನಿಟ ಜಾತಿಯ ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗದು, ಅದು ಆರು ಗಂಟೆ ಕಳೆದ ಮೇಲೆಯೇ ವಾಂತಿಭೇದಿಯಾಗಿ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದಿರುತ್ತದೆ. ಕಾಡಣಬೆ ಬೇಕೆಂದರೆ ತಲೆಮಾರುಗಳಿಂದ ಗುರುತು ಬಲ್ಲವರ ಕೈಯಿಂದಲೇ ಕೊಳ್ಳಬೇಕು.

ಪುಡಿ ಮತ್ತು ಕ್ಯಾಪ್ಸೂಲುಗಳ ಬಗ್ಗೆ ನಾನು ಯಾವ ಸಂಕೋಚವೂ ಇಲ್ಲದೆ ಹೇಳಬಹುದಾದ ಮಾತಿದೆ: ಕೊಳ್ಳಬೇಡಿ. ಗ್ಯಾನೋಡರ್ಮ ಎಂಬ ಮರದಣಬೆಯನ್ನು ಕಾಫಿಪುಡಿಯಲ್ಲಿ, ಗುಳಿಗೆಯಲ್ಲಿ ಹಾಕಿ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಆಸ್ಟ್ರೇಲಿಯಾದಲ್ಲಿ ಮಧುಮೇಹ ಮತ್ತು ಜೀವಕ್ರಿಯೆಯ ಏರುಪೇರು ಎರಡೂ ಇದ್ದ 84 ಜನರಿಗೆ ದಿನಕ್ಕೆ 3 ಗ್ರಾಂ ಗ್ಯಾನೋಡರ್ಮ ಅಥವಾ ಹುಸಿಗುಳಿಗೆಯನ್ನು 16 ವಾರ ಕೊಟ್ಟು ನೋಡಿದರು; ಕೊಟ್ಟವರಿಗೂ ತೆಗೆದುಕೊಂಡವರಿಗೂ ಯಾವುದು ಯಾವುದೆಂದು ತಿಳಿಯದಂತೆ ನಡೆಸಿದ ಪ್ರಯೋಗ ಅದು. ಎಚ್‌ಬಿಎ1ಸಿಯಲ್ಲೂ ಬರಿಹೊಟ್ಟೆಯ ಸಕ್ಕರೆಯಲ್ಲೂ ವ್ಯತ್ಯಾಸ ಬರಲಿಲ್ಲ. ಕ್ಯಾಪ್ಸೂಲು ತಟ್ಟೆಯಿಂದ ಒಂದು ತುತ್ತು ಅನ್ನವನ್ನೂ ಕದಲಿಸುವುದಿಲ್ಲವಾದ್ದರಿಂದ ಇದರಲ್ಲಿ ನನಗೆ ಆಶ್ಚರ್ಯವೂ ಕಾಣುವುದಿಲ್ಲ. ಇದನ್ನು ನಂಬಿ ವೈದ್ಯರು ಕೊಟ್ಟ ಮೆಟ್‌ಫಾರ್ಮಿನ್ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೂವತ್ತು ದಾಟಿದವರು, ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವವರು, ಸೊಂಟದ ಸುತ್ತಳತೆ ಏರುತ್ತಿರುವವರು ಈ ತಿಂಗಳಲ್ಲೇ ಒಮ್ಮೆ ಎಚ್‌ಬಿಎ1ಸಿ ನೋಡಿಸಿಕೊಳ್ಳಿ. 5.7 ದಾಟಿದ್ದರೆ ವೈದ್ಯರ ಜೊತೆ ಕುಳಿತು ಊಟ ಮತ್ತು ನಡಿಗೆಯ ಮಾತಾಡಿ. ಅಣಬೆ ಇಷ್ಟವಿದ್ದರೆ ವಾರದಲ್ಲಿ ನಾಲ್ಕು ದಿನ ಚಿಪ್ಪಣಬೆ ತನ್ನಿ, ಖಾಲಿ ಬಾಣಲೆಯಲ್ಲಿ ಬಾಡಿಸಿ, ತಟ್ಟೆಗೆ ಅದನ್ನೇ ಮೊದಲು ಬಡಿಸಿಕೊಳ್ಳಿ, ಅನ್ನ ಆಮೇಲೆ ಒಂದೇ ಸೌಟು. ಮೂರು ತಿಂಗಳ ನಂತರ ಅದೇ ಲ್ಯಾಬಿನಲ್ಲಿ ಅದೇ ಪರೀಕ್ಷೆ ಮತ್ತೆ ಮಾಡಿಸಿ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಅದಕ್ಕಿಂತ ಮುಂಚೆ ನೋಡಿದರೆ ಹಳೆಯ ಊಟದ ಲೆಕ್ಕವೂ ಅದರಲ್ಲಿ ಬೆರೆತಿರುತ್ತದೆ.